ಕಾಕಾನ ಕೋನ, ಕಾಕೂನ ಹೆಜ್ಜೆ

ನಮ್ಮ ಕಾಕಾನಿಗೆ ದಾರಿ ಕೇಳಿದವರು ಇವತ್ತಿನವರೆಗೆ ಒಬ್ಬರೂ ನೆಟ್ಟಗೆ ಊರು ಮುಟ್ಟಿಲ್ಲ. ಇದನ್ನು ನಾನು ಅವರ ಬೆನ್ನ ಹಿಂದೆ ಹೇಳುತ್ತಿಲ್ಲ. ಅವರ ಎದುರಿಗೇ, ಅವರ ತಾಟಿಗೆ ಬಿಸಿ ರೊಟ್ಟಿ ಹಾಕುತ್ತ ಹೇಳಿದ್ದೇನೆ. ಅದಕ್ಕವರು, "ತಪ್ಪು ದಾರೀದಲ್ಲವಾ, ನಡ್ಯಾವ್ರದು," ಎಂದು ಪಲ್ಯ ಇನ್ನಷ್ಟು ಹಾಕಿಸಿಕೊಂಡರು.

ಕಾಕಾ ಎಂದರೆ ನನ್ನ ಮಾವನವರ ತಮ್ಮ. ಅವರ ಹೆಂಡತಿ ಕಾಕೂ. ಮಿರಜಿನ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮದು ಹಳೆಯ ಮನೆ. ಮುಂದಿನ ಭಾಗದಲ್ಲಿ ಅವರಿಬ್ಬರು, ಹಿಂದಿನ ಭಾಗದಲ್ಲಿ ನಾವು, ನಡುವೆ ಅಂಗಳ. ಅಡುಗೆಮನೆ ಮಾತ್ರ ಎಲ್ಲರಿಗೂ ಒಂದೇ. ಸಾಂಗ್ಲಿಯ ಪೇಟೆಯಲ್ಲಿ ಅರಿಶಿನದ ಅಂಗಡಿ ಇದೆ, ಈಗ ಅದನ್ನು ನಮ್ಮವರು ನೋಡಿಕೊಳ್ಳುತ್ತಾರೆ. ಅಲ್ಲಿ ತಕ್ಕಡಿಯ ಮುಂದೆ ಕೂತು ಕೂತು ಕಾಕಾನ ಧೋತರ ಕೊನೆಗೂ ಬಿಳಿಯಾಗಲೇ ಇಲ್ಲ. ಮನೆಯಲ್ಲಿ ನಾವು ಆಡುವುದು ಕನ್ನಡ, ಓಣಿಯಲ್ಲಿ ಮರಾಠಿ, ಸಿಟ್ಟು ಬಂದರೆ ಎರಡೂ.

ಎಡಕ್ಕೆ, ಬಲಕ್ಕೆ, ಆಲದ ಮರದ ಹತ್ತಿರ, ಗಿರಣಿಯ ಹಿಂದೆ ಎಂದೆಲ್ಲ ನಾವು ನೀವು ದಾರಿ ಹೇಳುತ್ತೇವಲ್ಲ, ಕಾಕಾ ಅದನ್ನು ಬಿಟ್ಟು ಬಹಳ ದಿನವಾಯಿತು. ಈಗೇನಿದ್ದರೂ ಕೋನ ಮತ್ತು ದೂರ. ಒಮ್ಮೆ ಮಾಧವನಗರದಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯಕ್ರಮಕ್ಕೆ ಹೊರಟಿದ್ದೆವು. ಆಟೋದಲ್ಲಿ ಡ್ರೈವರನ ಪಕ್ಕಕ್ಕೆ ಕಾಕಾ, ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ದಿಕ್ಸೂಚಿ.

"ಇಲ್ಲಿಂದ ಮೂವತ್ತು ಡಿಗ್ರಿಗೆ ಹೊರಳು. ಮುಂದ ನಾಕನೂರು ಫೂಟ."

ಆಟೋದ ಹುಡುಗ ಬ್ರೇಕ್ ಹಾಕಿದ. "ಕಾಕಾ, ಅಲ್ಲಿ ಗ್ವಾಡಿ ಐತ್ರಿ."

"ಇರಲಿ. ನನ್ನ ಲೆಕ್ಕದಾಗ ಗ್ವಾಡಿ ಇಲ್ಲ."

"ನಿಮ್ಮ ಲೆಕ್ಕದಾಗ ಇಲ್ಲದಿರಬಹುದ್ರಿ. ನನ್ನ ಗಾಡಿ ಮುಂದ ಐತಿ."

ಹಿಂದಿನ ಸೀಟಿನಿಂದ ಕಾಕೂ ಹೇಳಿದರು: "ತಮ್ಮಾ, ನೀ ರಸ್ತೆ ಹಿಡದು ಹೋಗು. ಇವರನ್ನ ಇಲ್ಲೇ ಇಳಸು, ಅವರು ಲೆಕ್ಕ ಹಿಡದು ಬರ್ತಾರ. ಯಾರು ಮೊದಲ ಮುಟ್ಟತಾರ ನೋಡೂಣು."

ಕಾಕಾ ಇಳಿಯಲಿಲ್ಲ. ತೊಟ್ಟಿಲ ಕಾರ್ಯಕ್ರಮದ ಊಟ ತಪ್ಪಿಸಿಕೊಳ್ಳುವಷ್ಟು ದೊಡ್ಡ ಗಣಿತಜ್ಞರು ಅವರಿನ್ನೂ ಆಗಿರಲಿಲ್ಲ.

ಈ ಹುಚ್ಚು ಅವರಿಗೆ ಹತ್ತಿದ್ದು ಎಲ್ಲಿ ಗೊತ್ತೇ? ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ. ಕಾಕೂಗೆ ಕಾಚಬಿಂದು. ನೋಟ ಅಂಚಿನಿಂದ ಶುರುವಾಗಿ ಸದ್ದಿಲ್ಲದೆ ಒಳಕ್ಕೆ ಕರಗುತ್ತ ಬರುವ ಜಡ್ಡು. ಹೋದ ನೋಟ ಮತ್ತೆ ಬರುವುದಿಲ್ಲ, ಇರುವಷ್ಟನ್ನು ಔಷಧದ ಹನಿ ಹಾಕಿ ಉಳಿಸಿಕೊಳ್ಳಬಹುದು ಎಂದು ಡಾಕ್ಟರರು ಹೇಳಿದರು. "ಕೊಳವ್ಯಾಗಿಂದ ಹಣಿಕಿ ಹಾಕಿದಂಗ ಕಾಣತೈತಿ," ಎನ್ನುತ್ತಾರೆ ಕಾಕೂ. "ಮಂದಿ ಮುಖ ನೋಡಿದರ ನನ್ನ ಕಾಲು ಕಾಣೂದುಲ್ಲ, ಕಾಲು ನೋಡಿದರ ದಾರಿ ಕಾಣೂದುಲ್ಲ." ಮಿರಜಿಗೆ ಎಲ್ಲೆಲ್ಲಿಂದಲೋ ಮಂದಿ ಆಸ್ಪತ್ರೆಗಾಗಿಯೇ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ನಾವೋ, ಮನೆಯಲ್ಲಿ ಅನ್ನಕ್ಕೆ ಇಟ್ಟು ಹೋಗಿ ಅದು ಬೇಯುವುದರೊಳಗೆ ಹನಿ ಹಾಕಿಸಿಕೊಂಡು ಬರುವವರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಶಿವ ಕೊಟ್ಟದ್ದನ್ನು ಎಣಿಸಿಕೊಳ್ಳುವುದು ನನ್ನ ರೂಢಿ. ಇದನ್ನೂ ಎಣಿಕೆಗೆ ಹಿಡಿಯುತ್ತೇನೆ.

ಕಾಕೂ ತಮ್ಮ ಕಣ್ಣಿನ ಬಗ್ಗೆ ಅತ್ತದ್ದನ್ನು ನಾನು ಕಂಡಿಲ್ಲ. ಅವರಿಗೆ ನೋವಾದದ್ದು ಒಂದೇ ವಿಷಯಕ್ಕೆ. ಸೋಮವಾರ ಬೆಳಿಗ್ಗೆ ಮುಂದಿನ ಓಣಿಯ ಶಿವನ ಗುಡಿಗೆ ಹೋಗುವುದು ಅವರು ಮದುವೆಯಾಗಿ ಬಂದಂದಿನಿಂದ ನಡೆಸಿಕೊಂಡು ಬಂದ ವ್ರತ. ಒಬ್ಬರೇ ಹೋಗುತ್ತಿದ್ದರು. ಅಡುಗೆ, ಅತ್ತೆ, ಅಂಗಡಿ ಎಲ್ಲವನ್ನೂ ಬಿಟ್ಟು ಅವರದೇ ಆದ ಅರ್ಧ ಗಂಟೆ ಅದು. ಒಂದು ದಿನ ಓಣಿಯಲ್ಲಿ ನಿಲ್ಲಿಸಿದ್ದ ಸ್ಕೂಟರಿಗೆ ಎಡವಿ ಬಿದ್ದರು. ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ, ಶಿವ ದೊಡ್ಡವನು. ಆದರೆ ಅಂದಿನಿಂದ ನಾವು ಅವರನ್ನು ಒಬ್ಬರೇ ಬಿಡಲಿಲ್ಲ. ನಾನೇ ಕೈ ಹಿಡಿದು ಕರೆದೊಯ್ದೆ, ಎರಡು ಸಲ. ಮೂರನೆಯ ಸೋಮವಾರ ಅವರು ಹೊರಡಲಿಲ್ಲ.

"ಯಾಕ ಕಾಕೂ?"

"ಕೈ ಹಿಡದು ಒಯ್ದರ ನಾ ದೇವರ ಕಡೆ ಹೋದಂಗ ಆಗೂದುಲ್ಲವಾ. ನೀ ಕಾಯಿಪಲ್ಯಾ ಚೀಲ ಹಿಡಕೊಂಡು ಹೋದಂಗ ಆಗತೈತಿ. ನನ್ನ ಕಾಲ ಮ್ಯಾಲ ನಾ ಹೋದರ ಹೋದಂಗ."

ಆಮೇಲೆ ಸೋಮವಾರ ಬಂದರೆ ಒಗೆದ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ಮುಂದಿನ ಕೋಣೆಯಲ್ಲಿ ಗುಡಿ ಇರುವ ಕಡೆಗೆ ಮುಖ ಮಾಡಿ ಕೂತುಬಿಡುತ್ತಿದ್ದರು. ಕಾಕಾ ಅದನ್ನು ಬಾಗಿಲಲ್ಲಿ ನಿಂತು ನೋಡಿದರು. ಏನೂ ಮಾತಾಡಲಿಲ್ಲ. ಮಾತಾಡದಿದ್ದರೆ ಕಾಕಾ ಏನಾದರೂ ಅನಾಹುತಕ್ಕೆ ತಯಾರಿ ನಡೆಸಿದ್ದಾರೆ ಎಂದೇ ಅರ್ಥ.

ಇಲ್ಲಿ ಕಾಕಾನ ಇನ್ನೊಂದು ಗುಣ ಹೇಳಿಬಿಡಬೇಕು. ಅವರು ಹೆಂಡತಿಯ ಜೊತೆ ನಡೆದದ್ದನ್ನು ಈ ಓಣಿಯಲ್ಲಿ ಯಾರೂ ಕಂಡವರಿಲ್ಲ. ಬಾಜಾರಿಗಾಗಲಿ, ಮದುವೆಗಾಗಲಿ, ಸ್ಟೇಶನ್ನಿಗಾಗಲಿ, ಯಾವಾಗಲೂ ಹತ್ತು ಹೆಜ್ಜೆ ಮುಂದೆ. ಹಿಂದೆ ತಿರುಗಿಯೂ ನೋಡುವುದಿಲ್ಲ. ಗಾಳಿಗೆ ಹೇಳಿದಂತೆ ಆಗಾಗ "ಲಗೂ ಬಾ" ಎಂದು ಅವಸರಪಡಿಸುತ್ತಾರೆ. ನಮ್ಮ ಕಡೆಯ ಗಂಡಸರು ಬಹಳ ಮಂದಿ ಹೀಗೇ. ನಮ್ಮವರು ಐದೇ ಹೆಜ್ಜೆ ಮುಂದೆ ನಡೆಯುತ್ತಾರೆ. ಅರ್ಧಕ್ಕರ್ಧ ಕಡಿಮೆ. ಇದೂ ಒಂದು ಕೃಪೆಯೇ.

ಆಸ್ಪತ್ರೆಯಲ್ಲಿ ಕಾಕೂನ ಸರದಿ ಬರುವವರೆಗೆ ಕಾಕಾ ಮೊಬೈಲಿನಲ್ಲಿ ಏನೇನೋ ನೋಡುತ್ತ ಕೂತಿರುತ್ತಿದ್ದರು. ಅದರಲ್ಲಿ ಯಾರೋ ಮೇಷ್ಟರು ಕಂಪ್ಯೂಟರಿಗೆ ಕೋಡು ಬರೆಯುವುದನ್ನು ಪುಕ್ಕಟೆ ಕಲಿಸುತ್ತಿದ್ದರಂತೆ. ಕಾಕಾ ನೋಡಿದರು, ಕಲಿತರು, ಹಳೆಯ ಲ್ಯಾಪ್‌ಟಾಪ್ ಒಂದನ್ನು ತಂದು ಅರಿಶಿನದ ಮಾದರಿ ಡಬ್ಬಿಗಳ ನಡುವೆ ಸ್ಥಾಪನೆ ಮಾಡಿದರು. ಯಾರನ್ನೂ ಒಂದು ಮಾತು ಕೇಳಲಿಲ್ಲ. ದಾರಿಯನ್ನೇ ಕೇಳದ ಮನುಷ್ಯ, ಇದನ್ನು ಕೇಳುತ್ತಾರೆಯೇ?

ಅವರ ಯೋಜನೆ ಏನೆಂದರೆ, ಕಾಕೂ ಫೋನನ್ನು ಕೊರಳಿಗೆ ನೇತು ಹಾಕಿಕೊಂಡು ನಡೆಯಬೇಕು, ಫೋನು ದಾರಿ ಹೇಳಬೇಕು. ಎಲ್ಲರ ಫೋನಿನಲ್ಲೂ ನಕ್ಷೆ ಇದೆಯಲ್ಲ ಎಂದು ನಾನಂದೆ. ಅದನ್ನೂ ನೋಡಿಯಾಗಿತ್ತು. ನಮ್ಮ ಓಣಿ ಬಹಳ ಕಿರಿದು. ನಕ್ಷೆಯಲ್ಲಿ ನಮ್ಮನ್ನು ತೋರಿಸುವ ನೀಲಿ ಚುಕ್ಕಿ ಒಮ್ಮೆ ನಮ್ಮ ಅಂಗಳದಲ್ಲಿ, ಒಮ್ಮೆ ಹಿಟ್ಟಿನ ಗಿರಣಿಯ ತಗಡಿನ ಮೇಲೆ ಕುಪ್ಪಳಿಸುತ್ತಿತ್ತು. "ಆಕಾಶದಾಗ ಇದ್ದಾವರಿಗೆ ನಮ್ಮ ಓಣಿ ಕಾಣಂಗಿಲ್ಲ," ಎಂದರು ಕಾಕಾ. "ನೆಲದ ಮ್ಯಾಲಿನ ಲೆಕ್ಕ ನಾವ ಮಾಡಬೇಕು."

ಆ ಲೆಕ್ಕವನ್ನು ಅವರು ನನಗೆ ರೊಟ್ಟಿ ಹಿಟ್ಟು ನಾದುವ ಕೊಣಮಿಗೆಯಲ್ಲಿ ಕಲಿಸಿದರು. ನಾನು ಕಲಿಸಿ ಎಂದಿರಲಿಲ್ಲ. ಜೋಳದ ಹಿಟ್ಟು ಹರಡಿ ಅದರಲ್ಲಿ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ ಎಳೆದರು. ಗೆರೆಗಳು ಕೂಡುವಲ್ಲಿ ಒಂದು ಶೇಂಗಾ ಕಾಳು ಇಟ್ಟರು.

"ಇದು ನಮ್ಮ ಹೊಸ್ತಿಲು. ಶೇಂಗಾ ಅಂದ್ರ ನಿಮ್ಮ ಕಾಕೂ."

"ಪುಣ್ಯ," ಎಂದರು ಆಚೆ ಕೂತಿದ್ದ ಕಾಕೂ. "ಬಳ್ಳೊಳ್ಳಿ ಅನ್ನಲಿಲ್ಲ."

"ಈಗ ಈಕಿ ಯಾವ ಕೋನಕ್ಕ ಮುಖ ಮಾಡ್ಯಾಳು, ಎಷ್ಟು ದೂರ ನಡದಾಳು, ಎರಡ ಮಾತು ಗೊತ್ತಾದರ ಸಾಕು. ದೂರಾನ ಕೋನದ ಕೊಸೈನಿನಿಂದ ಗುಣಿಸು, ಪೂರ್ವಕ್ಕ ಎಷ್ಟು ಸರದಾಳು ಬಂತು. ಸೈನಿನಿಂದ ಗುಣಿಸು, ಉತ್ತರಕ್ಕ ಎಷ್ಟು ಸರದಾಳು ಬಂತು. ಹಳೇ ಜಾಗಕ್ಕ ಎರಡೂ ಕೂಡಸು. ಹೊಸಾ ಜಾಗ." ಶೇಂಗಾ ಕಾಳು ಹಿಟ್ಟಿನಲ್ಲಿ ಸರಿದು ಕೊಣಮಿಗೆಯ ಮೂಲೆಗೆ ಹೋಯಿತು. "ಕೋನ ಫೋನ್ ಹೇಳತೈತಿ. ಹೆಜ್ಜಿ ಫೋನ್ ಎಣಸತೈತಿ. ಹೆಜ್ಜಿ ಎಷ್ಟು ಉದ್ದ ಅಂತ ಅದಕ್ಕ ಹೇಳಿಟ್ಟರ ದೂರನೂ ಬಂತು. ಮುಂದ ಗುಡಿ ಯಾವ ಕಡೆ, ಎಷ್ಟು ಉಳದೈತಿ, ಅದ ಹೇಳಕೋತ ಹೋಗತೈತಿ."

"ಮತ್ತ ಹೊಳ್ಳಿ ಬರೂದು?" ಎಂದು ಕೇಳಿದೆ. ಕರೆದೊಯ್ದು ಮರಳಿ ಕರೆತರದ ದಾರಿ ಯಾತರದು?

"ಅದು ಏನೂ ಅಲ್ಲ. ಹೋದ ಕೋನಕ್ಕ ನೂರಾ ಎಂಬತ್ತು ಕೂಡಸಿದರ ಮುಖ ಮನೀ ಕಡೆ. ಒಂದ ಸಾಲಿನ ಕೆಲಸ. ಕೂಸೂ ಬರೀತೈತಿ." ಹಾಗೆಂದು ಪಾಠ ಮುಗಿಸಿ ಕಾಕೂನನ್ನು ಎತ್ತಿ ಬಾಯಿಗೆ ಹಾಕಿಕೊಂಡರು.

ಮೊದಲ ಪ್ರಯೋಗ ನಮ್ಮ ಅಂಗಳದಲ್ಲಿ. ಹೊಸ್ತಿಲಿನಿಂದ ಬಿಲ್ವದ ಕುಂಡದವರೆಗೆ ಕಾಕಾ ಗಂಭೀರವಾಗಿ ನಡೆದರು, ಫೋನು ನೋಡಿದರು, ಮತ್ತೆ ಕುಂಡ ನೋಡಿದರು. ಫೋನಿನ ಪ್ರಕಾರ ಅವರು ಪಕ್ಕದ ಮನೆಯ ಬಚ್ಚಲಿನಲ್ಲಿದ್ದರು. ಮತ್ತೆ ನಡೆದರು. ಈ ಸಲ ಗೋಡೆಯೊಳಗೆ. ವಾರವಿಡೀ ನಡೆದರು. ಬಿಲ್ವದ ಕುಂಡದ ಹೊರತು ಮಿರಜಿನ ಎಲ್ಲ ಜಾಗಗಳೂ ಫೋನಿನಲ್ಲಿ ಬಂದವು.

ಕೊನೆಗೊಂದು ಮಧ್ಯಾಹ್ನ ಅಡುಗೆಮನೆಗೆ ಬಂದು ಕೂತರು. ಮುಖ ಸಣ್ಣದಾಗಿತ್ತು. ಈ ಯಂತ್ರಕ್ಕೆ ಡಿಗ್ರಿ ಎಂಬುದೇ ತಿಳಿಯುವುದಿಲ್ಲವಂತೆ. ಅದರ ಅಳತೆ ಬೇರೆ, ರೇಡಿಯನ್ ಎಂದು ಅದರ ಹೆಸರು. "ನಾ ತೊಂಬತ್ತು ಅಂದ್ರ ಅದು ಲಂಬಕೋನ ಅನಕೊಳ್ಳೂದುಲ್ಲ. ಹದಿನಾಕ ಸುತ್ತ ಪೂರಾ ತಿರುಗಿ, ಮ್ಯಾಲ ಇನ್ನಷ್ಟು ಹೊರಳಿ, ಎಲ್ಲೆರೆ ಮುಖಾ ಮಾಡಿ ನಿಂದರತೈತಿ." ಯಾವ ಮಾಪು ಎಂದು ಕೇಳದೆ ಜನ್ಮದಲ್ಲಿ ಒಂದು ಚೀಲ ಅರಿಶಿನ ತೂಗದ ಮನುಷ್ಯ ಇಲ್ಲಿ ಮಾಪು ಕೇಳಲು ಮರೆತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಕಾಕೂ ನಗಲಿಲ್ಲ.

"ಪಾಪ," ಎಂದರು. "ಹದಿನಾಕ ಸುತ್ತ ತಿರುಗಿದರ ಯಾರಿಗೂ ತಲಿ ತಿರುಗತೈತಿ. ಅದಕ್ಯಾಕ ಬೈತೀರಿ?"

ಮಾಪು ಸರಿ ಮಾಡಿದ ಮೇಲೆ ಪ್ರಯೋಗ ಓಣಿಗೆ ಇಳಿಯಿತು. ಗುಡಿಯ ದಾರಿ ಸುಲಭ. ನಮ್ಮ ಬಾಗಿಲಿನಿಂದ ಉತ್ತರಕ್ಕೆ ಹಿಟ್ಟಿನ ಗಿರಣಿಯವರೆಗೆ, ಅಲ್ಲಿ ಬಲಕ್ಕೆ ತಿರುಗಿ ನೆಟ್ಟಗೆ ಹೋದರೆ ತಿಜೋರಿ ಅಂಗಡಿ ದಾಟಿ ಗುಡಿ. ಕಾಕಾ ಕಣ್ಣಿಗೆ ವಸ್ತ್ರ ಕಟ್ಟಿಕೊಂಡು, ಫೋನು ಹೇಳಿದಂತೆ ಹೊರಟರು. ಬಹಳ ಹೊತ್ತಿನ ಮೇಲೆ ಬಂದಾಗ ಗದ್ದ ನುಣ್ಣಗಿತ್ತು.

"ಗುಡಿ ಸಿಕ್ತೇನ್ರಿ?"

"ಇಲ್ಲ. ಗಿರಣಿ ಹತ್ರ ಎಡಕ್ಕ ಹೊರಳಸ್ತು. ಎಡಕ್ಕ ಹಜಾಮತಿ ಅಂಗಡಿ. ಬಂದದ್ದ ಬಂದೀನಿ ಅಂತ ದಾಡಿ ಮಾಡಿಸಿಕೊಂಡೆ."

ಮರುದಿನವೂ ಅದೇ. ಆ ಮರುದಿನವೂ. ಆ ವಾರ ಕಾಕಾನ ಗದ್ದ ಅವರ ಮದುವೆಯ ದಿನಕ್ಕಿಂತ ನುಣುಪಾಗಿತ್ತು.

ಈ ಗಂಟು ಬಿಡಿಸಿದ್ದು ನನ್ನ ಆರತಿ ತಟ್ಟೆ ಎಂದು ಹೇಳಿಕೊಂಡರೆ ದೊಡ್ಡಸ್ತಿಕೆಯಾದೀತು. ತಟ್ಟೆಯ ಪಾಡಿಗೆ ತಟ್ಟೆ ತಿರುಗುತ್ತಿತ್ತು. ನಾನು ದೇವರಿಗೆ ಬೆಳಗುತ್ತಿದ್ದೆ, ಹಿಂದಿನಿಂದ ಕಾಕಾ, "ನಿಲ್ಲು" ಎಂದರು. ನಿಂತೆ. "ಈಗ ಉಲ್ಟಾ ತಿರುಗಸು, ನೋಡೂಣು."

"ಆರತಿ ಉಲ್ಟಾ ತಿರುಗಸಂಗಿಲ್ಲ ಕಾಕಾ."

"ಒಮ್ಮೆ."

"ನಿಮ್ಮ ಕೋಡಿಗೆ ನಾ ದೇವರ ಕಡೆ ಬೈಸಿಕೊಳ್ಳೂದುಲ್ಲ."

ಅವರು ಅಡುಗೆಮನೆಯಿಂದ ಖಾಲಿ ತಾಟು ತಂದು, ತಾವೇ ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗಿಸುತ್ತ ನಿಂತರು. ಆಮೇಲೆ ಕಾಕೂಗೆ ವಿವರಿಸಿದರು. ಗಣಿತದ ಪುಸ್ತಕದಲ್ಲಿ ಕೋನ ಶುರುವಾಗುವುದು ಪೂರ್ವದಿಂದ. ಅಲ್ಲಿಂದ ಅದು ಉತ್ತರದ ಕಡೆಗೆ, ಎಡಕ್ಕೆ ತಿರುಗುತ್ತ ಹೋಗುತ್ತದೆ. ದಿಕ್ಸೂಚಿ ಶುರುವಾಗುವುದು ಉತ್ತರದಿಂದ; ಅಲ್ಲಿಂದ ಅದು ಪೂರ್ವದ ಕಡೆಗೆ, ಬಲಕ್ಕೆ ತಿರುಗುತ್ತದೆ. ಹೀಗಾಗಿ ಅವರು ಉತ್ತರಕ್ಕೆ ನಡೆದಾಗಲೆಲ್ಲ ಫೋನು ತನ್ನ ಲೆಕ್ಕದಲ್ಲಿ ಅವರನ್ನು ಪೂರ್ವಕ್ಕೆ ಸರಿಸುತ್ತಿತ್ತು; ಗುಡಿ ಎಡಕ್ಕೆ ಉಳಿಯಿತು ಎಂದುಕೊಂಡು ಎಡಕ್ಕೆ ಹೊರಳಿಸುತ್ತಿತ್ತು.

ಕಾಕೂ ಹೂಬತ್ತಿ ಹೊಸೆಯುತ್ತಲೇ ಕೇಳಿದರು. "ಅಂದ್ರ ನಿಮ್ಮ ಪುಸ್ತಕ ಅಪ್ರದಕ್ಷಿಣಿ ಹೊಂಟೈತಿ."

"ಹಾಂ… ಹಂಗ ಅನ್ನು."

"ಮತ್ತ ಗುಡಿ ಹೆಂಗ ಸಿಕ್ಕೀತು?"

ಕಾಕಾ ಸೈನ್ ಇದ್ದಲ್ಲಿ ಕೊಸೈನ್, ಕೊಸೈನ್ ಇದ್ದಲ್ಲಿ ಸೈನ್ ಬರೆದರು. ಹಜಾಮತಿ ಅಂಗಡಿಗೆ ಒಬ್ಬ ಗಿರಾಕಿ ಕಡಿಮೆಯಾದ.

ಇನ್ನು ಉಳಿದದ್ದು ತಿಜೋರಿ ಅಂಗಡಿ. ಅಂಗಡಿಯವನು ಕಬ್ಬಿಣದ ಕಪಾಟುಗಳನ್ನು ಓಣಿಯ ಅರ್ಧದವರೆಗೆ ಸಾಲಾಗಿ ನಿಲ್ಲಿಸುತ್ತಿದ್ದ. ಅವುಗಳ ಹತ್ತಿರ ಬಂದೊಡನೆ ಫೋನಿನ ದಿಕ್ಸೂಚಿಯ ಮುಳ್ಳು ಹುಚ್ಚು ಹಿಡಿದಂತೆ ಹೊಯ್ದಾಡುತ್ತಿತ್ತು. ಕಾಕಾ ಹೋಗಿ ಜಗಳ ತೆಗೆದರು.

"ನಿನ್ನ ಕಪಾಟು ನನ್ನ ಉತ್ತರ ದಿಕ್ಕು ಕೆಡಸಾಕತ್ತೈತಿ. ಒಳಗ ಇಡು."

"ಕಾಕಾ, ಕಪಾಟು ಒಳಗ ಇಟ್ಟರ ಗಿರಾಕಿ ಹೊರಗ ಉಳೀತಾರ್ರಿ. ನಿಮ್ಮ ಉತ್ತರ ನೀವ ಸ್ವಲ್ಪ ಸರಸಿಕೊಳ್ರಿ."

"ಉತ್ತರ ಸರಸಾಕ ಬರೂದುಲ್ಲೋ."

"ಕಪಾಟೂ ಭಾಳ ವಜ್ಜ ಐತ್ರಿ."

ಅರ್ಧ ಓಣಿ ಸೇರಿತು. ಆಗ ಕಾಕಾ ದನಿ ಇಳಿಸಿ, ಇದು ಯಾರಿಗಾಗಿ ಎಂದು ಹೇಳಿದರು. ಮರುದಿನ ನಾನು ಹಿಟ್ಟು ಹಾಕಿಸಲು ಹೋದಾಗ ನೋಡಿದೆ: ಕಪಾಟುಗಳು ಒಳಗಿದ್ದವು. ಅಷ್ಟೇ ಅಲ್ಲ, ಗಿರಣಿಯ ಮುಂದಿನ ಸ್ಕೂಟರುಗಳು ಆಚೆ ಬದಿಗೆ ಹೋಗಿದ್ದವು, ಬಾಳೆಹಣ್ಣಿನ ಗಾಡಿ ಸರಿದಿತ್ತು, ಗಟಾರದ ಮೇಲೆ ಯಾರೋ ಹೊಸ ಕಲ್ಲು ಹಾಸಿದ್ದರು. ನಾನು ಹಿಟ್ಟಿನ ಡಬ್ಬಿ ಹಿಡಿದು ಓಣಿಯ ನಡುವೆ ನಿಂತೆ. ಇಷ್ಟು ಅಗಲದ ಓಣಿ ನಮಗೂ ಇತ್ತೇ? ಅವತ್ತಿನ ಎಣಿಕೆಯಲ್ಲಿ ಇದನ್ನೇ ಮೊದಲು ಹಿಡಿದೆ.

ಮುಂದಿನ ತಕರಾರು ಕಾಕೂನದು. ಫೋನಿನಲ್ಲಿ ದಾರಿ ಹೇಳುತ್ತಿದ್ದುದು ಒಬ್ಬ ಹೆಂಗಸಿನ ದನಿ, ಶುದ್ಧ ಪುಸ್ತಕದ ಹಿಂದಿಯಲ್ಲಿ. ಕಾಕೂ ಕಿವಿಗೊಟ್ಟು ಕೇಳಿ ಫೋನನ್ನು ಕೆಳಗಿಟ್ಟರು.

"ಈಕಿ ಯಾರು?"

"ಯಾರೂ ಅಲ್ಲ. ಯಂತ್ರ."

"ನನ್ನ ಓಣ್ಯಾಗ ನನಗ ಎಲ್ಲಿ ಹೊರಳಬೇಕು ಅಂತ ಹೇಳಾಕ ಈಕಿ ಯಾರು? ಮಿರಜೀಗೆ ಯಾವತ್ತರೆ ಬಂದಾಳೇನು?"

ಹೀಗಾಗಿ ಕಾಕಾ ತಮ್ಮ ದನಿಯನ್ನೇ ತುಂಬಿದರು. ಉಗ್ರಾಣದ ಬಾಗಿಲು ಹಾಕಿಕೊಂಡು, ಅರಿಶಿನದ ಚೀಲಗಳ ನಡುವೆ ಕೂತು, ಫೋನು ಸಾಂಗ್ಲಿಯಲ್ಲಿದೆಯೋ ಎಂಬಂತೆ ಕೂಗಿದರು: "ಬಲಕ್ಕ ಹೊರಳು. ನೆಟ್ಟಗ. ಮೆಟ್ಟಲಾ ಬಂತು. ಲಗೂ ಬಾ." ಕೊನೆಯದು ಲೆಕ್ಕದಲ್ಲಿ ಇರಲಿಲ್ಲ, ರೂಢಿಯಿಂದ ಬಂತು. ಅದನ್ನೂ ಹಾಗೆಯೇ ಬಿಟ್ಟರು.

ಅಂತೂ ಒಂದು ಸೋಮವಾರ ಕಾಕೂ ಫೋನು ಕೊರಳಿಗೆ ಹಾಕಿಕೊಂಡು ಹೊಸ್ತಿಲು ದಾಟಿದರು. ಕೈಯಲ್ಲಿ ಬಿಲ್ವಪತ್ರೆಯ ಬುಟ್ಟಿ. ನಾನು ದೂರದಿಂದ ಹಿಂಬಾಲಿಸಿದೆ. ಕಾಕಾನಿಗೆ ಬರಬೇಡಿ ಎಂದು ಕಾಕೂ ತಾಕೀತು ಮಾಡಿದ್ದರು. ಗಿರಣಿಯವರೆಗೆ ದಾರಿ ಗೋಡೆಗುಂಟ, ಕಾಕೂ ಕೈಯಿಂದ ಗೋಡೆ ಸವರುತ್ತ ಹೋದರು. ಗಿರಣಿಯ ಸದ್ದಿಗೆ ಬಲಕ್ಕೆ ಹೊರಳಿದರು. ನಾನು ಪಂಚಾಕ್ಷರಿ ಜಪಿಸುತ್ತ ಹಿಂದೆ. ತಿಜೋರಿ ಅಂಗಡಿಯ ಮುಂದೆ ಬಂದಾಗ ಫೋನಿನಿಂದ ಕಾಕಾ ಕೂಗಿದರು: "ಗುಡಿ ಬಂತು. ಚಪ್ಪಲಿ ಬಿಡು."

ಕಾಕೂ ಚಪ್ಪಲಿ ಬಿಟ್ಟರು. ಅಂಗಡಿಯ ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟು, ಕೈ ಮುಗಿದು, ಬುಟ್ಟಿಯಿಂದ ಒಂದು ಬಿಲ್ವಪತ್ರೆ ತೆಗೆದು, ಕನ್ನಡಿ ಹಚ್ಚಿದ ಹಸಿರು ಕಪಾಟಿನ ಮುಂದೆ ಇಟ್ಟರು.

ಅಂಗಡಿಯವನು ಗಡಬಡಿಸಿ ಎದ್ದ. "ಕಾಕೂ, ಮಂದಿರ ಇನ್ನೂ ಪುಢ, ಮುಂದ ಐತ್ರಿ. ಇದು ನನ್ನ ದುಕಾನು."

ಕಾಕೂ ಕೈ ಚಾಚಿ ಕಪಾಟನ್ನು ಮುಟ್ಟಿ ನೋಡಿದರು. ಇಟ್ಟ ಪತ್ರೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಇರಲಿ ಬಿಡಪಾ. ಯಾರ ಮನೀಗೆ ಹೋಗತೈತೋ, ಅವರಿಗೆ ಛಲೋ ಆಗಲಿ."

ಆದರೆ ಅಲ್ಲಿಂದಲೇ ಹಿಂದಿರುಗಿ ಮನೆಗೆ ಬಂದು ಫೋನನ್ನು ಕೊರಳಿನಿಂದ ತೆಗೆದಿಟ್ಟರು. "ಸಾಕು ಬಿಡ್ರಿ," ಎಂದರು ಕಾಕಾನಿಗೆ. "ಇಲ್ಲೇ ಕುಂತು ಕೈ ಮುಗೀತೀನಿ. ದೇವರಿಗೆ ತಿಳೀತೈತಿ." ಇಷ್ಟು ದಿನ ನಡೆದ ತಮಾಷೆಯೆಲ್ಲ ಆ ಮಾತಿನ ಮುಂದೆ ನಿಂತುಹೋಯಿತು. ಕಾಕೂ "ಸಾಕು" ಎಂದದ್ದನ್ನು ನಾನು ನಮ್ಮ ಮನೆಯಲ್ಲಿ ಕೇಳಿದ್ದು ಅದೇ ಮೊದಲು.

ಕಾಕಾ ಆ ದಿನ ಊಟಕ್ಕೂ ಏಳಲಿಲ್ಲ. ಕೋನ ಸರಿ ಇದೆ. ಹೆಜ್ಜೆಯ ಎಣಿಕೆ ಸರಿ ಇದೆ. ತಾವು ನಡೆದಾಗ ಗುಡಿ ಗುಡಿಯಲ್ಲೇ ಬರುತ್ತದೆ. ಕಾಕೂ ನಡೆದರೆ ಅರ್ಧ ದಾರಿಯಲ್ಲೇ ಹೇಗೆ ಬಂದಿತು? ನಾನು ಮಜ್ಜಿಗೆ ತಂದಿಟ್ಟು ಸುಮ್ಮನೆ ಕೇಳಿದೆ, ಕಾಕಾ, ಹೆಜ್ಜೆಯ ಉದ್ದ ಯಾರದು ಹಾಕಿದ್ದೀರಿ?

"ನಂದು. ಮತ್ತ ಯಾರದು?" ಎಂದರು. ಎಂದವರು ಹಾಗೇ ನನ್ನ ಮುಖ ನೋಡುತ್ತ ಕೂತರು.

ಕಾಕಾ ಆರಡಿಯ ಆಳು. ಕಾಕೂ ಅವರ ಎದೆಯ ಮಟ್ಟಕ್ಕೆ ಬರುತ್ತಾರೆ. ಇಷ್ಟು ವರ್ಷ ಸಂಸಾರ ಮಾಡಿ, ಹೆಂಡತಿಯ ಹೆಜ್ಜೆ ತಮ್ಮದಕ್ಕಿಂತ ಸಣ್ಣದಿರಬಹುದು ಎಂದು ಅವರಿಗೆ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಹತ್ತು ಹೆಜ್ಜೆ ಮುಂದೆ ನಡೆಯುವವರಿಗೆ ಹಿಂದಿನವರ ಕಾಲು ಕಾಣುವುದಿಲ್ಲ.

ಮರುದಿನ ಬೆಳಿಗ್ಗೆ ಅಂಗಳದ ಶಹಾಬಾದಿ ಕಲ್ಲಿನ ಮೇಲೆ ಕಾಕೂನನ್ನು ನಿಲ್ಲಿಸಿ, ತಂಬಿಗೆಯಿಂದ ಅವರ ಪಾದಕ್ಕೆ ನೀರು ಹಾಕಿದರು. "ನಡೀ. ಯಾವಾಗಲೂ ನಡದಂಗ ನಡೀ."

"ಯಾಕ? ನಾ ಸಾಕು ಅಂದೀನಿ."

"ಇದೊಂದ ಸಲ. ನಡೀ."

ಕಾಕೂ ನಡೆದರು. ಒಣ ಕಲ್ಲಿನ ಮೇಲೆ ಒದ್ದೆ ಪಾದ ಒಂದರ ಮುಂದೊಂದು ಮೂಡಿದವು, ಗೌರಿಯನ್ನು ಮನೆ ತುಂಬಿಸಿಕೊಳ್ಳುವಾಗ ನಾವು ರಂಗೋಲಿಯಲ್ಲಿ ಬಿಡಿಸುವಂತೆ. ಕಾಕಾ ಹಿಂದಿನಿಂದ ಮೊಣಕಾಲೂರಿ, ದರ್ಜಿಯ ಟೇಪು ಹಿಡಿದು, ಹಿಮ್ಮಡಿಯಿಂದ ಹಿಮ್ಮಡಿಗೆ ಅಳೆಯುತ್ತ ಬಂದರು. ಬಿಸಿಲಿಗೆ ಆರುವುದರೊಳಗೆ ಅಳೆಯಬೇಕಲ್ಲ, ತೆವಳಿಕೊಂಡೇ ಬಂದರು. ಒಂದು ಕಡೆ ಟೇಪು ಕಾಕೂನ ಹಿಮ್ಮಡಿಗೆ ತಾಗಿತು.

"ಕಾಲು ಮುಟ್ಟಬ್ಯಾಡ್ರಿ. ನನಗ ಪಾಪ ಹತ್ತತೈತಿ."

"ಸುಮ್ನ ನಿಂದ್ರು. ಒಂದೂ ಕಾಲ ಫೂಟ." ಮತ್ತೊಮ್ಮೆ ಅಳೆದರು. "ಒಂದೂ ಕಾಲ. ಇಷ್ಟ ಏನ?"

"ಇಷ್ಟ. ಮತ್ತೆಷ್ಟು ಇರಬೇಕು?"

ಕಾಕಾ ಮೊಣಕಾಲ ಮೇಲೆಯೇ ಇದ್ದರು. ಟೇಪು ಸುತ್ತಲಿಲ್ಲ. "ಇಷ್ಟ ಸಣ್ಣ ಹೆಜ್ಜಿ ಹಾಕ್ಕೋತ ಇಷ್ಟು ವರ್ಷ ನನ್ನ ಹಿಂದ ಹೆಂಗ ಬಂದಿ ನೀ?"

ಕಾಕೂ ಏನೋ ದಿನಸಿಯ ಮಾತು ಹೇಳಿದಷ್ಟು ಸಹಜವಾಗಿ ಹೇಳಿದರು:

"ಓಡಕೋತ ಬಂದ್ನಿ."

ನನಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಒಳಗೆ ಹೋದೆ. ಕಾಕಾ ಅಂಗಳದಲ್ಲಿ ಎಷ್ಟು ಹೊತ್ತು ಕೂತಿದ್ದರೋ ನೋಡಲಿಲ್ಲ. ಮಧ್ಯಾಹ್ನ ಅವರು ಮತ್ತೆ ಉಗ್ರಾಣದ ಬಾಗಿಲು ಹಾಕಿಕೊಂಡರು. ಈ ಸಲ ಕೂಗಾಟ ಕೇಳಿಸಲಿಲ್ಲ.

ಮುಂದಿನ ಸೋಮವಾರ ಕಾಕೂನನ್ನು ಒಪ್ಪಿಸಲು ನಾನು ಬಹಳ ಬೇಡಿಕೊಳ್ಳಬೇಕಾಯಿತು. ಇದೊಂದು ಸಲ, ಶಿವನಿಗಾಗಿ ಎಂದೆ. ಮತ್ತೆ ಸೀರೆ, ವಿಭೂತಿ, ಬಿಲ್ವದ ಬುಟ್ಟಿ. ಮತ್ತೆ ನಾನು ದೂರದಿಂದ ಹಿಂದೆ. ಫೋನಿನಲ್ಲಿ ಕಾಕಾನ ದನಿ ಬಂದಾಗ ಕಾಕೂ ನಡುದಾರಿಯಲ್ಲಿ ನಿಂತುಬಿಟ್ಟರು. ನಾನು ಗಾಬರಿಯಾಗಿ ಹತ್ತಿರ ಓಡಿದೆ.

"ಏನಾತ್ರಿ ಕಾಕೂ? ದಾರಿ ತಪ್ತೇನ್ರಿ?"

ಅವರು ಬೆರಳೆತ್ತಿ ಸುಮ್ಮನಿರಿಸಿದರು. ಕೊರಳಿನ ಚೀಲದಿಂದ ಕಾಕಾ, ಪಕ್ಕದಲ್ಲಿ ನಿಂತು ಹೇಳಿದಂತೆ ಮೆಲ್ಲಗೆ ಹೇಳುತ್ತಿದ್ದರು: "ಬಲಕ್ಕ ಹೊರಳು. ಸಾವಕಾಶ. ಸಾವಕಾಶ ಬಾ, ಅವಸರಿಲ್ಲ."

ಕಾಕೂ ಸಾವಕಾಶವಾಗಿಯೇ ನಡೆದರು. ತಿಜೋರಿ ಅಂಗಡಿ ಬಂತು, ಹೋಯಿತು. ಅಂಗಡಿಯವನು ಎದ್ದು ನಿಂತಿದ್ದ. ಫೋನು "ಚಪ್ಪಲಿ ಬಿಡು" ಎಂದಾಗ ಮುಂದೆ ಗುಡಿಯ ಮೆಟ್ಟಿಲೇ ಇತ್ತು. ಕಾಕೂ ಬಗ್ಗಿ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಒಳಗೆ ಅವರಿಗೆ ಫೋನು ಬೇಕಿರಲಿಲ್ಲ. ನಂದಿಯ ಬೆನ್ನು ಸವರಿ, ಗೋಮುಖದವರೆಗೆ ಹೋಗಿ, ಅದನ್ನು ದಾಟದೆ ಹೊರಳಿ, ಶಿವನ ಅರ್ಧ ಪ್ರದಕ್ಷಿಣೆಯನ್ನು ಎಂದಿನಂತೆ ಮುಗಿಸಿದರು. ನಾನು ಕಂಬದ ಹಿಂದೆ ನಿಂತಿದ್ದೆ. ಅವತ್ತು ಬೇರೆ ಏನನ್ನೂ ಬೇಡಲಿಲ್ಲ.

ಹೊರಗೆ ಬಂದು ಚಪ್ಪಲಿ ಮೆಟ್ಟಿ ಕಾಕೂ ಫೋನು ಒತ್ತಿದರು. ಫೋನು ಸುಮ್ಮನಿತ್ತು. ಮತ್ತೆ ಒತ್ತಿದರು. ಮಾತಿಲ್ಲ. ಅಷ್ಟರಲ್ಲಿ ಮೆಟ್ಟಿಲ ಪಕ್ಕದಿಂದ ಕಾಕಾನೇ ಎದ್ದು ಬಂದರು, ಒಗೆದ ಧೋತರ ಉಟ್ಟು.

"ಹೊಳ್ಳಿ ಬರೂ ದಾರೀದು ಇನ್ನೂ ಬರದಿಲ್ಲ. ಹಿಂಗಾಗಿ ನಾನ ಬಂದೆ."

ಇಬ್ಬರೂ ಹೊರಟರು. ಕಾಕಾ ಅವರ ಕೈ ಹಿಡಿಯಲಿಲ್ಲ, ಮುಂದೆಯೂ ಹೋಗಲಿಲ್ಲ. ಕಾಲಿಗೆ ಹಗ್ಗ ಕಟ್ಟಿದ ಆಳಿನಂತೆ ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತ, ಪಕ್ಕದಲ್ಲಿ. ಅಷ್ಟು ಉದ್ದದ ಮನುಷ್ಯನಿಗೆ ಅಷ್ಟು ಸಣ್ಣ ಹೆಜ್ಜೆ ಬಹಳ ಕಷ್ಟ, ನೋಡಲು ನಗು ಬರುತ್ತಿತ್ತು. ಗಿರಣಿಯವರು ನಕ್ಕರು, ಹಜಾಮತಿ ಅಂಗಡಿಯವರು ಹೊರಗೆ ಬಂದು ನಿಂತು ನೋಡಿದರು. ಕಾಕಾ ಯಾರ ಕಡೆಗೂ ನೋಡಲಿಲ್ಲ.

ಆಮೇಲೆ ಎಷ್ಟೋ ಸೋಮವಾರಗಳಾದವು. ಕಾಕೂ ಒಬ್ಬರೇ ಹೋಗುತ್ತಾರೆ. ಬರುವಾಗ ಇಬ್ಬರೂ ಬರುತ್ತಾರೆ. ಮೊನ್ನೆ ರೊಟ್ಟಿ ಬಡಿಯುತ್ತ ಕೊಣಮಿಗೆಯ ಹಿಟ್ಟು ನೋಡಿ ನನಗೆ ನೆನಪಾಯಿತು.

"ಕಾಕಾ, ಹೊಳ್ಳಿ ಬರೂ ದಾರಿ ಯಾವಾಗ ಬರೀತೀರಿ?"

"ಭಾಳ ಕಠಿಣ ಐತವಾ ಅದು," ಎಂದರು ಕಾಕಾ, ತಾಟಿನಿಂದ ತಲೆ ಎತ್ತದೆ. "ಭಾಳ ಲೆಕ್ಕ ಐತಿ ಅದರಾಗ. ಟೈಮ್ ಹತ್ತತೈತಿ."

ನೂರಾ ಎಂಬತ್ತು, ಎನ್ನಲು ನಾನು ಬಾಯಿ ತೆರೆದೆ. ಪಕ್ಕದಲ್ಲಿ ಕೂತಿದ್ದ ಕಾಕೂ ನನ್ನ ಮೊಣಕೈಯನ್ನು ತಡವಿ ಹಿಡಿದುಕೊಂಡರು.

"ಬರೀಲಿ ಬಿಡವಾ," ಎಂದರು. "ಸಾವಕಾಶ ಬರೀಲಿ. ಅವಸರಿಲ್ಲ."